ಗ್ಲಾಕೋಮಾ: ಹನಿಯ ಜೊತೆಗೆ ಆಪ್ತಸಲಹೆಯೂ ಬೇಕು



ನಮ್ಮ ತಂದೆಯವರಿಗೆ ಗ್ಲಾಕೋಮಾ ಇದೆಯೆಂದು ವೈದ್ಯರು ದಿನಕ್ಕೆ ಎರಡು ಸಲ ಕಣ್ಣಿಗೆ ಹಾಕುವ ಹನಿ ಬರೆದುಕೊಟ್ಟರು. ಎರಡೇ ತಿಂಗಳಲ್ಲಿ ಅವರು ಅದನ್ನು ನಿಲ್ಲಿಸಿದರು. "ನೋವಿಲ್ಲ, ದೃಷ್ಟಿಯೂ ಹೆಚ್ಚಲಿಲ್ಲ, ಮತ್ತೇಕೆ?" ಎಂಬುದು ಅವರ ವಾದ. ನಾನು ತರಗತಿಯಲ್ಲಿ ಗದರುವಂತೆ ಗದರಿದೆ. ಪ್ರಯೋಜನವಾಗಲಿಲ್ಲ.

ಮುಂದಿನ ಭೇಟಿಯಲ್ಲಿ ಆಸ್ಪತ್ರೆಯ ಆಪ್ತಸಲಹೆಗಾರರು, "ಹನಿ ಹಾಕಿಕೊಳ್ಳಲು ಏನು ತೊಂದರೆ?" ಎಂದಷ್ಟೇ ಕೇಳಿದರು. ಆಗ ನಿಜ ಹೊರಬಂತು. ಅವರ ಕೈ ನಡುಗುತ್ತಿತ್ತು. ರಂಜಾನಿನಲ್ಲಿ ರೋಜಾ ಮುರಿದೀತೆಂಬ ಭಯವೂ ಇತ್ತು.

ಸಲಹೆಗಾರರು ಸಮಾಧಾನದಿಂದ ವಿವರಿಸಿದರು. ಈ ರೋಗದಲ್ಲಿ ಕಣ್ಣಿನ ನರ ನಿಧಾನವಾಗಿ ಹಾಳಾಗುತ್ತದೆ. ಸಾಮಾನ್ಯವಾಗಿ ಮೊದಲು ಬದಿಯ ನೋಟ ಕುಗ್ಗುವುದರಿಂದ ರೋಗಿಗೆ ತಿಳಿಯುವುದೇ ಇಲ್ಲ. ಹೋದ ದೃಷ್ಟಿ ಮರಳಿ ಬಾರದು. ಹನಿ ಕಣ್ಣಿನ ಒತ್ತಡ ಇಳಿಸಿ, ಉಳಿದ ದೃಷ್ಟಿಯನ್ನು ಕಾಪಾಡುತ್ತದೆ.

ಹನಿ ಹಾಕುವ ಕೆಲಸವನ್ನು ತಾಯಿ ವಹಿಸಿಕೊಂಡರು. ರಂಜಾನಿನಲ್ಲಿ ವೈದ್ಯರ ಒಪ್ಪಿಗೆಯಿಂದ ಸಹರಿ ಮತ್ತು ಇಫ್ತಾರ್ ವೇಳೆಗೆ ಹೊಂದಿಸಿಕೊಂಡೆವು. ಗಂಟಲಿಗೆ ಇಳಿದದ್ದನ್ನು ನುಂಗದಿದ್ದರೆ ಕಣ್ಣಿನ ಹನಿಯಿಂದ ರೋಜಾ ಮುರಿಯುವುದಿಲ್ಲವೆಂದು ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1997ರಲ್ಲೇ ಜಿದ್ದಾದಲ್ಲಿ ನಿರ್ಣಯಿಸಿದೆ. ಸಂಶಯವಿದ್ದವರು ತಮ್ಮ ಆಲಿಮರನ್ನು ಕೇಳಲಿ. ಹನಿ ಮಾತ್ರ ತಾವಾಗಿಯೇ ನಿಲ್ಲಿಸದಿರಲಿ.

ಈ ರೋಗ ರಕ್ತಸಂಬಂಧಿಗಳಲ್ಲಿ ಬರುವ ಸಾಧ್ಯತೆ ಹೆಚ್ಚು. ಆದ್ದರಿಂದ ನಾವು ಒಡಹುಟ್ಟಿದವರೆಲ್ಲ ಕಣ್ಣು ತಪಾಸಣೆ ಮಾಡಿಸಿಕೊಂಡೆವು.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋದಾಗ ಹಿರಿಯರನ್ನು "ಔಷಧಿ ಯಾಕೆ ಹಾಕಲಿಲ್ಲ?" ಎಂದು ಗದರಬೇಡಿ. "ಏನು ತೊಂದರೆ?" ಎಂದು ಕೇಳಿ, ಉತ್ತರ ಬರುವವರೆಗೆ ಪಕ್ಕದಲ್ಲೇ ಕುಳಿತಿರಿ.