ಮರಳುಗಾಡಿನಲ್ಲಿ ಅರ್ಧ ಸೀಸೆ ನೀರು
(ಶತಮಾನೋತ್ಸವದ ಅಂಗವಾಗಿ, ಮೃತ ವಿಶ್ವಾಸಿಗಳ ಸ್ಮರಣೆಯ ಸಂಜೆ ಮಾಡಿದ ಭಾಷಣ)



ಈ ನೂರು ವರ್ಷಗಳಲ್ಲಿ ನಮ್ಮ ಧರ್ಮಕೇಂದ್ರದಿಂದ ಅಗಲಿದವರ ಹೆಸರುಗಳು ದೇವಾಲಯದ ದಫ್ತರದಲ್ಲಿವೆ. ಅವರ ಸಮಾಧಿಗಳು ನಮ್ಮ ಕಣ್ಣೆದುರಿಗೇ ಇವೆ. ಆದರೆ ಸಮಾಧಿಯ ಭಾಗ್ಯವೂ ಇಲ್ಲದೆ ಹೋದವರ ಮಾತನ್ನು ಈ ಸಂಜೆ ಆಡಬಯಸುತ್ತೇವೆ. ಅದಕ್ಕಾಗಿ ನಿಮ್ಮನ್ನು ಆಫ್ರಿಕಾ ಖಂಡದ ಲಿಬಿಯಾ ದೇಶಕ್ಕೆ, ಎರಡನೆಯ ಮಹಾಯುದ್ಧದ ಕಾಲಕ್ಕೆ ಕರೆದೊಯ್ಯಬೇಕಾಗಿದೆ.

೧೯೪೩ರ ಏಪ್ರಿಲ್ ೪, ತಪಸ್ಸುಕಾಲದ ನಾಲ್ಕನೆಯ ಭಾನುವಾರ. ಬೆಂಗಾಜಿ ನಗರದ ಸಮೀಪದ ಸೊಲುಕ್ ವಿಮಾನನೆಲೆಯಿಂದ ಅಮೆರಿಕದ ೨೫ ಬಾಂಬರ್ ವಿಮಾನಗಳು ಇಟಲಿಯ ನೇಪಲ್ಸ್ ಬಂದರಿನ ಮೇಲೆ ದಾಳಿ ಮಾಡಲು ಹೊರಟವು. ಮರಳಿನ ಬಿರುಗಾಳಿ ಎದ್ದಿತ್ತು. ಕಡೆಯಲ್ಲಿ ಹೊರಟವುಗಳ ಪೈಕಿ 'ಲೇಡಿ ಬಿ ಗುಡ್' ಎಂಬ ಹೆಸರಿನ ಬಿ-೨೪ ಲಿಬರೇಟರ್ ವಿಮಾನವೂ ಒಂದು. ವಿಲಿಯಂ ಹ್ಯಾಟನ್‌ರವರ ನಾಯಕತ್ವದಲ್ಲಿ ಅದರೊಳಗಿದ್ದ ಒಂಬತ್ತು ಮಂದಿಗೂ ಅದೇ ಮೊದಲನೆಯ ದಾಳಿ. ನೇಪಲ್ಸ್ ಸಮೀಪಿಸುವಷ್ಟರಲ್ಲಿ ಕತ್ತಲಾಗಿ ಗುರಿ ಕಾಣಲಿಲ್ಲ. ಬಾಂಬುಗಳನ್ನು ಸಮುದ್ರಕ್ಕೆ ಸುರಿದು ಹಿಂತಿರುಗಿದರು. ಅವು ಯಾರ ಮನೆಯ ಮೇಲೂ ಬೀಳಲಿಲ್ಲವೆಂಬುದು ನಮಗೊಂದು ಸಮಾಧಾನ.

ಮಧ್ಯರಾತ್ರಿ ಕಳೆದ ಮೇಲೆ ಹ್ಯಾಟನ್‌ರವರು ರೇಡಿಯೋ ಮೂಲಕ ದಿಕ್ಕು ಕೇಳಿದರು. ನೆಲದಿಂದ ಉತ್ತರವೂ ಬಂತು. ಆದರೆ ಅಲ್ಲಿದ್ದ ಯಂತ್ರಕ್ಕೊಂದು ಮಿತಿಯಿತ್ತು. ವಿಮಾನ ಯಾವ ರೇಖೆಯ ಮೇಲಿದೆಯೆಂದು ಅದು ಹೇಳಬಲ್ಲುದು. ಆ ರೇಖೆಯಲ್ಲಿ ನಿಲ್ದಾಣದ ಈಚೆಗಿದೆಯೋ, ದಾಟಿ ಆಚೆಗೆ ಹೋಗಿದೆಯೋ ಎಂಬುದನ್ನು ಹೇಳಲಾರದು. ವಿಮಾನ ಇನ್ನೂ ಸಮುದ್ರದ ಮೇಲೆಯೇ ಇದೆಯೆಂದು ಕೆಳಗಿದ್ದವರು ಭಾವಿಸಿದರು, ಮೇಲಿದ್ದವರೂ ಭಾವಿಸಿದರು. ಅದಾದರೋ ನೆಲೆಯನ್ನು ದಾಟಿ ಸಹಾರಾ ಮರಳುಗಾಡಿನ ಒಳಕ್ಕೆ ಹಾರುತ್ತಿತ್ತು. ರಾತ್ರಿ ಸುಮಾರು ಎರಡು ಗಂಟೆಗೆ ಇಂಧನ ಮುಗಿಯುತ್ತ ಬರಲು, ಎಲ್ಲರೂ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿದರು. ಯಾರ ತಪ್ಪಿನಿಂದ ಹೀಗಾಯಿತೆಂದು ಈಗಲೂ ವಾದಿಸುವವರುಂಟು. ಆ ಕತ್ತಲೆಯಲ್ಲಿ ಕುಳಿತಿರದ ನಾವು ಆ ವಾದಕ್ಕೆ ಹೋಗಲಾರೆವು.

ಎಂಟು ಮಂದಿ ಒಂದುಗೂಡಿದರು. ಒಂಬತ್ತನೆಯವರಾದ ಜಾನ್ ವೊರಾವ್ಕಾರವರು ಸಿಗಲಿಲ್ಲ; ಅವರ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಂಡಿರಲಿಲ್ಲ. ಸಮುದ್ರ ಹತ್ತಿರದಲ್ಲೇ ಇದೆಯೆಂದು ನಂಬಿ ವಾಯವ್ಯ ದಿಕ್ಕಿಗೆ ನಡೆಯತೊಡಗಿದರು. ಅದು ೪೦೦ ಮೈಲಿಗೂ ದೂರದಲ್ಲಿತ್ತು. ಹುಡುಕಿ ಬರುವವರಿಗೆ ಗುರುತಾಗಲೆಂದು ಬೂಟುಗಳನ್ನೂ ಪ್ಯಾರಾಚೂಟಿನ ಬಟ್ಟೆಯನ್ನೂ ದಾರಿಯುದ್ದಕ್ಕೂ ಇಟ್ಟರು. ಚಾಲಕರಿಲ್ಲದ ವಿಮಾನವು ಇನ್ನೂ ೧೬ ಮೈಲಿ ಹಾರಿ, ಹೆಚ್ಚು ಜಖಂ ಆಗದೆ ಮರಳಿನ ಮೇಲೆ ತಾನಾಗಿಯೇ ಇಳಿದಿತ್ತು. ಅದರಲ್ಲಿ ನೀರಿತ್ತು, ಆಹಾರವಿತ್ತು, ಕೆಲಸ ಮಾಡುವ ರೇಡಿಯೋ ಇತ್ತು. ಅವರು ಅದಕ್ಕೆ ಬೆನ್ನುಮಾಡಿ ನಡೆದರು. ತಿಳಿಯುವ ಬಗೆ ಯಾವುದೂ ಅವರಿಗಿರಲಿಲ್ಲ.

ಸಹಚಾಲಕ ರಾಬರ್ಟ್ ಟೋನರ್‌ರವರು ತಮ್ಮ ಕಿರು ದಿನಚರಿಯಲ್ಲಿ ದಿನಕ್ಕೆ ಕೆಲವೇ ಮಾತುಗಳನ್ನು ಬರೆದಿಟ್ಟಿದ್ದಾರೆ. ಎಂಟು ಮಂದಿಗೂ ಸೇರಿ ಇದ್ದದ್ದು ಅರ್ಧ ಸೀಸೆ ನೀರು. ದಿನಕ್ಕೊಬ್ಬರಿಗೆ ಸೀಸೆಯ ಮುಚ್ಚಳದಲ್ಲಿ ಒಂದು ಮುಚ್ಚಳ. ಹಗಲು ಸುಡುಬಿಸಿಲು, ರಾತ್ರಿ ನಿದ್ರೆ ಬಾರದಷ್ಟು ಚಳಿ, ಕಣ್ಣುಗಳಿಗೆ ಮರಳು. ಎಲ್ಲರೂ ಕೂಡಿ ಜಪ ಮಾಡುತ್ತಿದ್ದರು. ೬೫ ಮೈಲಿಗೂ ಹೆಚ್ಚು ನಡೆದ ಮೇಲೆ ಐವರಿಗೆ ಹೆಜ್ಜೆ ಕೀಳಲಾಗಲಿಲ್ಲ. ಶೆಲ್ಲಿ, ರಿಪ್ಸ್ಲಿಂಗರ್, ಮೂರ್ ಎಂಬ ಮೂವರು ಸಹಾಯ ತರಲೆಂದು ಮುಂದೆ ಹೊರಟರು. ೧೧ನೆಯ ತಾರೀಖು ಭಾನುವಾರ, ಇನ್ನೂ ಕಾಯುತ್ತಿದ್ದೇವೆ, ಇನ್ನೂ ಜಪಿಸುತ್ತಿದ್ದೇವೆ, ನಾಲಿಗೆಗೆ ತಾಕಿಸುವಷ್ಟು ನೀರು ಉಳಿದಿದೆ ಎಂಬ ಅರ್ಥ ಬರುವಂತೆ ಟೋನರ್‌ರವರು ಬರೆದರು. ಅದೇ ದಿನ, ಮರಳಗುಡ್ಡಗಳ ನಡುವೆ ಹೋರಾಡುತ್ತಿದ್ದ ರಿಪ್ಸ್ಲಿಂಗರ್‌ರವರು ತಮ್ಮ ದಿನಚರಿಯಲ್ಲಿ ಅದನ್ನು ಗರಿಗಳ ಭಾನುವಾರವೆಂದು ಗುರುತಿಸಿದರು. ಪಂಚಾಂಗದ ಪ್ರಕಾರ ಆ ವರ್ಷದ ಗರಿಗಳ ಭಾನುವಾರ ೧೮ನೆಯ ತಾರೀಖು. ಒಂದು ವಾರ ಮುಂಚೆಯೇ ಅದು ಅವರ ಪಾಲಿಗೆ ಬಂದುಬಿಟ್ಟಿತ್ತು! ಮರುದಿನ ಟೋನರ್‌ರವರ ಬರಹವೂ ನಿಂತಿತು.

ಅವರ ಜಪ ವ್ಯರ್ಥವಾಯಿತೆನ್ನುವವರಿದ್ದಾರೆ. ಸರ್ವೇಶ್ವರನ ಚಿತ್ತ ಎಂದು ಥಟ್ಟನೆ ಸಮಾಧಾನ ಹೇಳಿ ಮುಗಿಸುವವರೂ ಇದ್ದಾರೆ. ಮರಣಶಯ್ಯೆಗಳ ಬಳಿ ಇಷ್ಟು ವರ್ಷ ನಿಂತ ನಮಗೆ ಎರಡನ್ನೂ ಹೇಳಲು ಬಾಯಿ ಬಾರದು. ನಮ್ಮ ಮನಸ್ಸು ಹೋಗಿ ನಿಲ್ಲುವುದು ಆ ಸೀಸೆಯ ಬಳಿ. ಬಾಯಾರಿ ಸಾಯುತ್ತಿದ್ದವರ ಕೈಯಲ್ಲಿ, ಅದೂ ಏಳನೆಯ ದಿನ, ನೀರು ಉಳಿದದ್ದು ಹೇಗೆ? ಕತ್ತಲೆಯಲ್ಲಿ ಒಬ್ಬರು ಒಂದು ಗುಟುಕು ಹೆಚ್ಚು ಕುಡಿದಿದ್ದರೆ ಕೇಳುವವರಾರಿದ್ದರು?

ಯುದ್ಧಕಾಲದಲ್ಲಿ ಅವರಿಗಾಗಿ ಹುಡುಕಿದ್ದು ಸಮುದ್ರದ ಮೇಲೆ. ವಿಮಾನವು ೧೯೫೮ರಲ್ಲಿ ತೈಲ ಶೋಧಕರ ಕಣ್ಣಿಗೆ ಬಿತ್ತು. ೧೯೬೦ರ ಫೆಬ್ರವರಿಯಲ್ಲಿ ಐವರ ದೇಹಗಳು ಒಂದೆಡೆ ದೊರೆತವು, ಮೇ ತಿಂಗಳಲ್ಲಿ, ಅಲ್ಲಿಂದ ೨೦ ಮೈಲಿಗೂ ಆಚೆ, ಶೆಲ್ಲಿ ಮತ್ತು ರಿಪ್ಸ್ಲಿಂಗರ್‌ರವರು, ಆಗಸ್ಟ್‌ನಲ್ಲಿ ವೊರಾವ್ಕಾರವರು. ಹದಿನೇಳು ವರ್ಷ ಕಾದಿದ್ದ ಮನೆಗಳಿಗೆ ಅವರು ಮರಳಿದರು. ಟ್ರಿಪೋಲಿಯ ಬಳಿಯ ವೀಲಸ್ ವಾಯುನೆಲೆಯ ಪ್ರಾರ್ಥನಾಲಯದಲ್ಲಿ ಅವರ ನೆನಪಿಗೆ ಬಣ್ಣದ ಗಾಜಿನ ಕಿಟಕಿಯೊಂದನ್ನು ಇರಿಸಿದರು. ಅದೀಗ ಅಮೆರಿಕದ ಡೇಟನ್ ನಗರದ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ.

ವರ್ನನ್ ಮೂರ್‌ರವರ ದೇಹ ಮಾತ್ರ ಅಧಿಕೃತವಾಗಿ ಇಂದಿಗೂ ದೊರೆತಿಲ್ಲ. ಇನ್ನು ಸಮಾಧಿಭೂಮಿಗೆ ನಡೆಯೋಣ. ನಿಮ್ಮ ನಿಮ್ಮ ಹಿರಿಯರ ಸಮಾಧಿಗಳಿಗೆ ಹೋಗುವ ಮುನ್ನ, ದೊಡ್ಡ ಶಿಲುಬೆಯ ಬುಡದಲ್ಲಿ, ಮಣ್ಣು ಹಾಕುವವರಿಲ್ಲದೆ ಹೋದವರಿಗಾಗಿ ಒಂದೊಂದು ಮೇಣದ ಬತ್ತಿಯನ್ನು ಹಚ್ಚಿರಿ.