ಒಡೆಯನಿಲ್ಲದ ಮನೆಗೆ
(ಶಿರಸಿಯ ಸಭೆಯಲ್ಲಿ ಮಾಡಿದ ಭಾಷಣ)

ಗಿರಣಿಯ ಗೆಳೆಯರೇ, ಅಂಗಡಿಯ ಬಂಧುಗಳೇ,

1923ರಲ್ಲಿ ಇದೇ ಶಿರಸಿಯಲ್ಲಿ ಅಡಿಕೆ ಬೆಳೆಗಾರರು ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದರು. ಸಿದ್ದಾಪುರ, ಯಲ್ಲಾಪುರದವರೂ ಅದರಲ್ಲಿ ಸೇರಿದರು. ಬೆಳೆದವನ ಮಾಲು ಅನ್ಯರ ಮರ್ಜಿಗೆ ಬೀಳಬಾರದು. ಆಡುವವನ ಮಾತಿಗೂ ಅದೇ ನ್ಯಾಯ.

2022ರಲ್ಲಿ ಇಲಾನ್ ಮಸ್ಕ್ ಟ್ವಿಟರನ್ನೇ ಕೊಂಡ. ಲಕ್ಷಾಂತರ ಜನ ಮಾಸ್ಟಡಾನಿಗೆ ಹೊರಟರು. ಅಲ್ಲಿ ಸಾವಿರಾರು ಸರ್ವರುಗಳು. ಎಲ್ಲಕ್ಕೂ ಒಬ್ಬನೇ ಒಡೆಯನಿಲ್ಲ, ಒಂದರಿಂದ ಇನ್ನೊಂದಕ್ಕೆ ಮಾತು ಹರಿಯುತ್ತದೆ. ಆದರೂ ಬಹುಮಂದಿ ದೊಡ್ಡದಕ್ಕೇ ನುಗ್ಗಿದರು, ಅದು ಕುಂಟತೊಡಗಿತು.

ಮೂರು ತಾಲೂಕಿನ ನಮ್ಮ ಬಳಗ ಜನ ಕಡಿಮೆಯಿರುವ ಸರ್ವರಿಗೆ ಹೋಗಲಿ. ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಬರಹ ಬಾರದು. ಮೊದಲೇ ಪ್ರತಿ ತೆಗೆದಿಡಿ. ಖರ್ಚಿಗೆ ವಂತಿಗೆ ಕೊಡಿ, ನಿಯಮವನ್ನು ಕೂಡಿ ಬರೆಯಿರಿ, ಲೆಕ್ಕ ಕೇಳಿ. ಇಲ್ಲವಾದರೆ ಚಿಕ್ಕ ಮನೆಗೊಬ್ಬ ಚಿಕ್ಕ ಒಡೆಯ ಹುಟ್ಟುತ್ತಾನೆ.