ಒಂದು ಚುಕ್ಕೆಯ ತಕರಾರು



ಭಾಷೆ ಕಲಿಸುವವನಿಗೆ ಕಂಪ್ಯೂಟರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾನು ಹೇಳಹೊರಟಿರುವುದು ಒಂದು ಚುಕ್ಕೆಯ ವಿಷಯ. ಉರ್ದುವಿನಲ್ಲಿ ಮೇಲಿನ ನುಕ್ತಾ ಕೆಳಗಿಳಿದರೆ ‘ಖುದಾ’ ಹೋಗಿ ‘ಜುದಾ’ ಆಗುತ್ತದಲ್ಲವೇ? ಕಂಪ್ಯೂಟರಿನಲ್ಲೂ ಹಾಗೆಯೇ.

ತುರ್ಕಿಯಲ್ಲಿ 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿ ತಂದಾಗ ‘ಐ’ ಅಕ್ಷರವನ್ನು ಎರಡು ಮಾಡಿಕೊಂಡರು: ಚುಕ್ಕೆಯಿರುವುದೊಂದು, ಇಲ್ಲದ್ದೊಂದು. ಎರಡಕ್ಕೂ ಬೇರೆ ಬೇರೆ ದೊಡ್ಡಕ್ಷರ, ಬೇರೆ ಬೇರೆ ಚಿಕ್ಕಕ್ಷರ. ಇಂಗ್ಲಿಷಿನಲ್ಲಾದರೋ ಚಿಕ್ಕದಕ್ಕೆ ಚುಕ್ಕೆಯಿದೆ, ದೊಡ್ಡದಕ್ಕಿಲ್ಲ.

ಹೆಸರುಗಳನ್ನು ಹೋಲಿಸುವಾಗ ಪ್ರೋಗ್ರಾಂ ದೊಡ್ಡಕ್ಷರಗಳನ್ನು ಚಿಕ್ಕದು ಮಾಡಿಕೊಳ್ಳುವುದುಂಟು. ಬೆಂಗಳೂರಿನಲ್ಲಿ ಸರಿ, ಲಂಡನ್ನಿನಲ್ಲೂ ಸರಿ. ತುರ್ಕಿ ಭಾಷೆಗೆ ಹೊಂದಿಸಿದ ಯಂತ್ರದಲ್ಲಿ ಮಾತ್ರ ದೊಡ್ಡ ‘ಐ’ ಚುಕ್ಕೆಯಿಲ್ಲದ ಚಿಕ್ಕಕ್ಷರವಾಗಿಬಿಡುತ್ತದೆ. ಹೆಸರು ತಾಳೆಯಾಗುವುದಿಲ್ಲ, ಕೆಲಸ ನಿಲ್ಲುತ್ತದೆ. ಪಿಎಚ್‌ಪಿ ಎಂಬ ಪ್ರೋಗ್ರಾಂ ಭಾಷೆಯಲ್ಲಿ 2002ರಲ್ಲಿ ವರದಿಯಾದ ಇಂಥದೇ ದೋಷ ಸರಿಹೋದದ್ದು 2013ರ 5.5ನೇ ಆವೃತ್ತಿಯಲ್ಲಿ. ಹನ್ನೊಂದು ವರ್ಷ! ಒಂದು ಮಗು ಪ್ರಾಥಮಿಕ ಶಾಲೆ ಮುಗಿಸಿ ಹೈಸ್ಕೂಲು ದಾಟುವಷ್ಟು ಕಾಲ.

ದೂರು ಕೊಟ್ಟವರಿಗೆ ‘ನಮ್ಮಲ್ಲಿ ಸರಿಯಾಗಿಯೇ ಇದೆಯಲ್ಲ’ ಎಂದು ಉತ್ತರಿಸುವುದು ಬಹಳ ಸುಲಭ. ಅದು ಸುಳ್ಳೂ ಅಲ್ಲ. ಆದ್ದರಿಂದ ಲ್ಯಾಬಿನಲ್ಲಿ ಕೂರುವ ನಮ್ಮ ಮಕ್ಕಳಿಗೆ ನನ್ನ ಕೋರಿಕೆ ಇಷ್ಟೆ. ಪಕ್ಕದವರ ಯಂತ್ರದ ಭಾಷೆ ಯಾವುದು, ಪ್ರದೇಶ ಯಾವುದು, ಆವೃತ್ತಿ ಯಾವುದು ಎಂದು ಕೇಳಿ. ನಿಮ್ಮದನ್ನೂ ಹಾಗೆಯೇ ಹೊಂದಿಸಿ, ಒಂದೊಂದನ್ನೇ ಬದಲಿಸಿ ನೋಡಿ. ದೋಷ ನಿಮ್ಮಲ್ಲೂ ಕಾಣಿಸಿಕೊಂಡಿತೆಂದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಯಾವ ಭಾಷೆಯ ನಿಯಮದಂತೆ ಅಕ್ಷರ ಬದಲಿಸಬೇಕೆಂದು ಆಜ್ಞೆಯಲ್ಲೇ ಸ್ಪಷ್ಟವಾಗಿ ಬರೆಯುವುದು.